ಫ್ಲೇರ್ ಎದ್ದ ಶಿಫ್ಟಿನ ಚಹಾ

ಜನವರಿ 11

ಗುಬ್ಬಿ,

ಭಾನುವಾರ ನೀನು ಫೋನ್ ಮಾಡಿದ್ದೆ. ನಿನ್ನ ಅತ್ತಿಗೆ ಫೋನನ್ನು ನನ್ನ ಕೈಗೆ ಕೊಟ್ಟಳು, ನೀನು ಏನೇನೋ ಹೇಳಿದೆ, ನಾನು ಹೂಂ ಹೂಂ ಅಂದೆ. ಯಾವುದಕ್ಕೆ ಹೂಂಗುಟ್ಟಿದೆನೋ ನಿನ್ನಾಣೆಗೂ ಗೊತ್ತಿಲ್ಲ. ನನ್ನ ಹೆಸರಿಗಿರುವ ಅಪ್ಪನ ಮನೆಯನ್ನು ಬರೆಸಿಕೊಂಡಿದ್ದರೆ ಈಗಲೇ ಹೇಳಿಬಿಡು. ರಿಫೈನರಿಯ ಕಂಪ್ರೆಸರುಗಳ ಪಕ್ಕದಲ್ಲಿ ಅರ್ಧ ಆಯಸ್ಸು ಕಳೆದ ಕಿವಿ ಇದು. ಎದುರಿಗೆ ನಿಂತು ಬಾಯಿ ಆಡಿಸಿದರೆ ತಿಳಿಯುತ್ತದೆ, ಫೋನಿನಲ್ಲಿ ಬರೀ ಗುಂಯ್. ಇನ್ನು ಮುಂದೆ ಹೇಳುವುದನ್ನು ಬರೆದೇ ಹೇಳು. ಕಣ್ಣನ್ನು ಇನ್ನೂ ಕಂಪನಿಗೆ ಕೊಟ್ಟಿಲ್ಲ.

ಹೆಡ್ ಆಫೀಸಿನಿಂದ ನಿಮ್ಮ ವಿಭಾಗದ ಸುತ್ತೋಲೆ ಬಂದಿದೆ. ಸುಸ್ಥಿರತಾ ವಿಭಾಗ! ಆ ಪದ ಓದಲು ನಮ್ಮ ಮ್ಯಾನೇಜರರು ಎರಡು ಸಲ ನೀರು ಕುಡಿದರು. ಕಂಟ್ರೋಲ್ ರೂಮಿನ ಗೋಡೆಗೆ ದೊಡ್ಡ ಬೋರ್ಡು ಹಾಕಿದ್ದಾರೆ. ನೀರು ಉಳಿಸಿದರೆ ಅಂಕ, ಹಬೆ ಸೋರಿದರೆ ಕಡಿತ, ಫ್ಲೇರ್ ಎದ್ದರೆ ಎಲ್ಲಕ್ಕಿಂತ ದೊಡ್ಡ ಕಡಿತ. ಮೊಮ್ಮಕ್ಕಳಾಗುವ ವಯಸ್ಸಿನಲ್ಲಿ ನಮಗೆ ಮತ್ತೆ ಪರೀಕ್ಷೆ ಇಟ್ಟಿದ್ದೀಯಲ್ಲೇ.

ಫ್ಲೇರ್ ಅಂದರೇನು ಎಂದು ನಿನಗೆ ಹೇಳಬೇಕಾಗಿಲ್ಲ. ಆ ಚಿಮಣಿಯ ಬೆಂಕಿಯ ಬೆಳಕಲ್ಲೇ ಓದಿ ಪಾಸಾದವಳು ನೀನು. ಆದರೆ ನಿಮ್ಮ ಆಫೀಸಿನವರಿಗೆ ಒಂದು ಮಾತು ಹೇಳು. ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳವನ್ನು ಸ್ವಲ್ಪ ಸರಿಸುತ್ತೇವಲ್ಲ, ಅಷ್ಟೇ ಅದು. ಒಳಗೆ ಒತ್ತಡ ಏರಿದಾಗ ಗ್ಯಾಸನ್ನು ಮೇಲಕ್ಕೆ ಬಿಟ್ಟು ಸುಡುತ್ತೇವೆ. ಖರ್ಚಿನ ಕೆಲಸ, ಹೊಗೆಯ ಕೆಲಸ, ಒಪ್ಪಿದೆ. ಆದರೆ ಮುಚ್ಚಳ ಸರಿಸಿದವಳಿಗೆ ದಂಡ ಹಾಕಿದರೆ ಅಡುಗೆ ಮಾಡುವವರು ಯಾರು?

ನಮ್ಮಲ್ಲಿ ಫ್ಲೇರ್ ಎಬ್ಬಿಸಿದವರಿಗೆ ಮೊದಲಿನಿಂದಲೂ ಒಂದೇ ಶಿಕ್ಷೆ, ನಿನಗೂ ನೆನಪಿರಬೇಕು. ಆ ಶಿಫ್ಟಿನ ಇನ್‌ಚಾರ್ಜ್ ಮುಂದಿನ ಶಿಫ್ಟಿನವರಿಗೆ ಚಹಾ ಮಾಡಿ ಕುಡಿಸಬೇಕು. ಕೈಯಾರೆ ಮಾಡಬೇಕು, ಕ್ಯಾಂಟೀನಿನಿಂದ ತರಿಸುವಂತಿಲ್ಲ. ಕುಡಿದವರು ಆಮೇಲೆ ಬೈಯುವಂತಿಲ್ಲ. ಲೋಟ ಖಾಲಿಯಾದರೆ ವಿಷಯವೂ ಖಾಲಿ. ಅಪ್ಪ ಫಿಟ್ಟರ್ ಆಗಿದ್ದ ಕಾಲದಿಂದ ನಡೆದುಬಂದಿದೆ. ಅದಕ್ಕೆ ನಿಮ್ಮ ಬೋರ್ಡಿನಲ್ಲಿ ಎಷ್ಟು ಅಂಕ?

ನಿನ್ನ ಅಣ್ಣ


ಜನವರಿ 24

ಅಣ್ಣ,

ಮನೆ ಬರೆಸಿಕೊಂಡಿಲ್ಲ, ಹೆದರಬೇಡ. ಚೆನ್ನಾಗಿದ್ದೀಯಾ ಅಂತ ನಾನು ಕೇಳಿದ್ದಕ್ಕೆ ನೀನು ಹೂಂ ಅಂದಿದ್ದೆ. ಅದು ನಿಜವೋ ಅಂದಾಜೋ ನನಗೂ ಗೊತ್ತಾಗಲಿಲ್ಲ.

ಇದನ್ನು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಬರೆಯುವುದನ್ನು ಆಫೀಸು ಓದುತ್ತದೆ. ನಮ್ಮ ವಿಭಾಗದ ಕಿಟಕಿಗಳನ್ನು ತೆರೆಯಲು ಬರುವುದಿಲ್ಲ. ಬಾಗಿಲ ಬಳಿ ಇರುವ ಗಿಡ ಪ್ಲಾಸ್ಟಿಕ್ಕಿನದು, ಅದಕ್ಕೂ ಯಾರೋ ದಿನಾ ನೀರು ಹಾಕುತ್ತಾರೆ. ಅಲ್ಲಿ ಕೂತು ಮೂರು ರಿಫೈನರಿಗಳ ಹೊಗೆಯನ್ನು ಕೂಡಿ ಕಳೆಯುವುದು ನನ್ನ ಕೆಲಸ. ನಗಬೇಡ. ಹೊಗೆ ಕಡಿಮೆಯಾಗಲಿ ಎಂದು ನಿಜವಾಗಿಯೂ ಅಂದುಕೊಂಡೇ ಈ ಕೆಲಸಕ್ಕೆ ಸೇರಿದವಳು ನಾನು. ಅಮ್ಮ ಒಣಗಿಸಿದ ಬಟ್ಟೆಯ ಮೇಲಿನ ಮಸಿಚುಕ್ಕೆ ನನಗೆ ಮರೆತಿಲ್ಲ.

ಈಗ ಹೇಳುವುದನ್ನು ಹೊಟ್ಟೆಯಲ್ಲಿಟ್ಟುಕೋ. ಕಂಪನಿಯ ಮುಂದಿನ ದಾರಿ ಯಾವುದೆಂದು ಹೇಳಲು ಹೊರಗಿನಿಂದ ಸಲಹೆಗಾರರು ಬಂದಿದ್ದಾರೆ. ಎಣ್ಣೆಗೆ ಇನ್ನು ಅಷ್ಟು ಬೇಡಿಕೆ ಇರುವುದಿಲ್ಲವಂತೆ, ಹೊಗೆ ಕಡಿಮೆ ಮಾಡಿದರೆ ಬ್ಯಾಂಕು ಬಡ್ಡಿ ಇಳಿಸುತ್ತದಂತೆ. ಮೂರು ರಿಫೈನರಿ ಬೇಡ, ಎರಡು ಸಾಕು ಎನ್ನುತ್ತಿದ್ದಾರೆ. ಮಾರ್ಚ್ ಕೊನೆಗೆ ಯಾರ ಅಂಕ ಕಡಿಮೆಯೋ ಅವರಿಗೆ ಬಾಗಿಲು. ನಮ್ಮ ವಿಭಾಗದ ಯಜಮಾನರೇ ಮೀಟಿಂಗಿನಲ್ಲಿ ಹೇಳಿದರು.

ನಿಮ್ಮದು ಮೂರರಲ್ಲಿ ಹಳೆಯದು. ಆದರೂ ಈಗ ಕೊನೆಯಲ್ಲಿಲ್ಲ, ಸ್ವಲ್ಪ ಮುಂದಿದ್ದೀರಿ. ಒಂದು ದೊಡ್ಡ ಫ್ಲೇರ್ ಎದ್ದರೆ ಆ ಸ್ವಲ್ಪವೂ ಹೋಗುತ್ತದೆ. ಮಾರ್ಚ್ ಮುಗಿಯುವ ತನಕ ಹೇಗಾದರೂ ಹಿಡಿದುಕೊಳ್ಳಿ ಅಣ್ಣ. ಆಮೇಲೆ ಬೇಕಾದಷ್ಟು ಚಹಾ ಮಾಡು.

ಇಂತಿ, ನಿನ್ನ ಗುಬ್ಬಿ


ಫೆಬ್ರವರಿ 19

ಗುಬ್ಬಿ,

ನಿನ್ನ ಕಾಗದ ಅಂಗಿಯ ಜೇಬಿನಲ್ಲೇ ಇದೆ. ಯಾರಿಗೂ ತೋರಿಸಿಲ್ಲ. ತೋರಿಸುವ ಅಗತ್ಯವೂ ಬರಲಿಲ್ಲ, ವಾರದೊಳಗೆ ವಿಷಯ ಕಾಲೋನಿಯ ಬಾಯಲ್ಲಿತ್ತು. ಊರ ಬಾಯಿಗೆ ಬೀಗ ಹಾಕಲಾದೀತೇ?

ನೀನು ಬಂದು ನೋಡಬೇಕಿತ್ತು. ಹತ್ತು ವರ್ಷ ಅರ್ಜಿ ಬರೆದರೂ ಬದಲಾಗದ ವಾಲ್ವುಗಳು ಬದಲಾದವು. ಶಾಖ ಸೋರುವ ಪೈಪಿಗೆಲ್ಲ ಬಟ್ಟೆ ತೊಡಿಸಿದ್ದೇವೆ, ಹೆತ್ತ ಮಕ್ಕಳಿಗೂ ಅಷ್ಟು ಬೆಚ್ಚಗೆ ತೊಡಿಸಿರಲಿಲ್ಲ. ನಮ್ಮ ಸಕ್ಕರೆಯಣ್ಣ ನೆನಪಿದ್ದಾನಲ್ಲ, ನನ್ನ ನಂತರದ ಶಿಫ್ಟಿನ ಇನ್‌ಚಾರ್ಜ್? ಒಂದು ಲೋಟ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಸುರಿದುಕೊಂಡರೂ ನಾಲಿಗೆ ಮಾತ್ರ ಬೇವು. ಅವನು ರಜೆಯ ದಿನವೂ ಬಂದು ಹಬೆಯ ಲೈನುಗಳ ಕೆಳಗೆ ಹೊಟ್ಟೆಯ ಮೇಲೆ ತೆವಳುತ್ತಾ ಸೋರಿಕೆ ಹುಡುಕುತ್ತಾನೆ. "ಏನಯ್ಯಾ, ಈ ವಯಸ್ಸಲ್ಲಿ ಅಂಬೆಗಾಲು?" ಎಂದರೆ, "ಮಗಳ ಓದು ಮುಗಿಯೋಕೆ ಇನ್ನೂ ಮೂರು ವರ್ಷ ಇದೆ. ಅಲ್ಲೀತನಕ ಉರುಳುಸೇವೇನೂ ಮಾಡ್ತೀನಿ" ಎಂದ.

ದಿನಾ ಬೆಳಿಗ್ಗೆ ಎಲ್ಲರೂ ಬೋರ್ಡಿನ ಮುಂದೆ ನಿಲ್ಲುತ್ತಾರೆ. ಕ್ಯಾಂಟೀನಿನವನೂ ಅಂಕ ಕೇಳುತ್ತಾನೆ. ದಣಿದಿದ್ದೇವೆ ಕಣೇ. ಮನೆಗೆ ಬಂದರೆ ಬೂಟು ಬಿಚ್ಚಲೂ ಬೇಸರ. ಆದರೆ ಇಷ್ಟು ಚೆನ್ನಾಗಿ ಈ ಪ್ಲಾಂಟನ್ನು ನಾವು ಹಿಂದೆಂದೂ ನಡೆಸಿರಲಿಲ್ಲ, ಅದಂತೂ ನಿಜ. ಫ್ಲೇರ್ ಈಗ ದೇವರ ಮುಂದಿನ ದೀಪದಷ್ಟು ಉರಿಯುತ್ತಿದೆ.

ನಿನ್ನ ಅತ್ತಿಗೆ ಕೇಳುತ್ತಿದ್ದಾಳೆ, ಊಟ ಮಾಡುತ್ತೀಯೋ ಇಲ್ಲ ಬರೀ ಕೂಡಿ ಕಳೆಯುತ್ತೀಯೋ ಅಂತ.

ನಿನ್ನ ಅಣ್ಣ


ಮಾರ್ಚ್ 24

ಗುಬ್ಬಿ,

ಸುದ್ದಿ ಈ ಪತ್ರಕ್ಕಿಂತ ಮೊದಲೇ ನಿನ್ನ ಮೇಜಿಗೆ ಬಂದಿರುತ್ತದೆ. ಆದರೂ ನನ್ನ ಬಾಯಿಂದ ಕೇಳು.

ನಿನ್ನೆ ಬೆಳಗಿನ ಶಿಫ್ಟ್ ನನ್ನದು. ಹತ್ತು ಗಂಟೆಯ ಹೊತ್ತಿಗೆ ಗ್ಯಾಸ್ ಕಂಪ್ರೆಸರ್ ನಿಂತುಹೋಯಿತು. ಒತ್ತಡ ಏರತೊಡಗಿತು. ಬದಲಿ ಕಂಪ್ರೆಸರ್ ಇದೆ, ಅದು ಸಾವಕಾಶವಾಗಿ ಎದ್ದು ಮೈಮುರಿದು ಬರುವ ಗಿರಾಕಿ. ಪ್ಯಾನೆಲ್ ಮುಂದೆ ಕೂತವನು ನನ್ನ ಕಡೆ ತಿರುಗಿ, ತುಟಿ ಕಾಣುವ ಹಾಗೆ ಬಿಡಿಸಿ ಹೇಳಿದ: "ಎರಡೇ ನಿಮಿಷ ಸರ್. ಸ್ಟಾರ್ಟ್ ಆಗ್ತಾ ಇದೆ. ಕಾಯೋಣ."

ಕಾದೆ. ನಿನ್ನ ಕಾಗದ ನೆನಪಾಯಿತು, ಸಕ್ಕರೆಯಣ್ಣನ ಮಗಳು ನೆನಪಾದಳು, ಗೋಡೆಯ ಮೇಲಿನ ಬೋರ್ಡು ಕಣ್ಣ ಮುಂದೆಯೇ ಇತ್ತು. ಒತ್ತಡದ ಮುಳ್ಳು ಏರುತ್ತಲೇ ಇತ್ತು. ಆಮೇಲೆ ಬಟನ್ ಒತ್ತಿ ಗ್ಯಾಸನ್ನು ಫ್ಲೇರಿಗೆ ಬಿಟ್ಟೆ.

ಬೆಂಕಿ ಎಷ್ಟೆತ್ತರ ಎದ್ದಿತೆಂದರೆ ಕಾಲೋನಿಯವರೆಲ್ಲ ಅಂಗಳಕ್ಕೆ ಬಂದರಂತೆ. ಕಪ್ಪು ಹೊಗೆ. ನಾನು ಬಿಟ್ಟ ಸ್ವಲ್ಪ ಹೊತ್ತಿಗೆ ಬದಲಿ ಕಂಪ್ರೆಸರ್ ಶುರುವಾಯಿತು, ಏನೂ ಆಗಿಯೇ ಇಲ್ಲವೆಂಬಂತೆ. ಹಾಗಾದರೆ ಕಾಯಬಹುದಿತ್ತೇ? ನನಗೆ ಗೊತ್ತಿಲ್ಲ ಗುಬ್ಬಿ. ಕಾದಿದ್ದರೆ ಏನೂ ಆಗದೇ ಇರಬಹುದಿತ್ತು. ಎಲ್ಲರೂ ಸುಟ್ಟು ಕರಕಲಾಗಬಹುದಿತ್ತು. ಆಗದೇ ಹೋದದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ?

ಒತ್ತಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ತಡ ಮಾಡಿದ್ದಕ್ಕೆ ಇದೆ. ಮೊದಲಾಗಿದ್ದರೆ ಕೈ ತಾನಾಗಿ ಹೋಗುತ್ತಿತ್ತು, ನಿನ್ನೆ ತಲೆಯನ್ನು ಕೇಳಿ ಹೋಯಿತು.

ಶಿಫ್ಟ್ ಮುಗಿಸುವಾಗ ಚಹಾ ಮಾಡಿದೆ. ಸಕ್ಕರೆಯಣ್ಣನ ಲೋಟಕ್ಕೆ ನಾಲ್ಕು ಚಮಚ ಹಾಕಿಯೇ ಕೊಟ್ಟೆ. ಅವನು ಬೋರ್ಡು ನೋಡಿದ, ನನ್ನನ್ನು ನೋಡಿದ, ಲೋಟವನ್ನು ಮೇಜಿನ ಮೇಲೆ ಇಟ್ಟ. ಅವನು ಮುಟ್ಟದ್ದನ್ನು ಬೇರೆ ಯಾರೂ ಮುಟ್ಟಲಿಲ್ಲ. ನಾನು ಹೊರಡುವಾಗ ಕೆನೆ ಕಟ್ಟಿತ್ತು.

ನಿನ್ನ ಅಣ್ಣ


ಏಪ್ರಿಲ್ 2

ಅಣ್ಣ,

ನೀವು ಕೊನೆಯ ಸ್ಥಾನಕ್ಕೆ ಇಳಿದಿದ್ದೀರಿ. ಕೂಡಿದವಳು ನಾನೇ. ಮತ್ತೆ ಮತ್ತೆ ಕೂಡಿದೆ, ಉತ್ತರ ಬದಲಾಗಲಿಲ್ಲ.

ಎರಡು ನಿಮಿಷ ಕಾಯಲು ಆಗಲಿಲ್ಲವೇ? ಇಷ್ಟು ತಿಂಗಳು ಹಿಡಿದುಕೊಂಡವರಿಗೆ ಇನ್ನೊಂದು ವಾರ ಹೆಚ್ಚಾಯಿತೇ? ನಿನಗೆ ಕೇಳಿಸುವುದಿಲ್ಲ ಎಂದು ಬರೆದೆ. ಬರೆದದ್ದೂ ನಿನಗೆ ಕೇಳಿಸಲಿಲ್ಲ.

ಗುಬ್ಬಿ


ಜೂನ್ 15

ಪ್ರೀತಿಯ ಗುಬ್ಬಿ,

ನಾನು, ನಿನ್ನ ಅತ್ತಿಗೆ. ಕಾಗದ ಬರೆದು ಎಷ್ಟೋ ಕಾಲವಾಯಿತು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಏಪ್ರಿಲ್‌ನಿಂದ ನಿನ್ನದು ಒಂದು ಸಾಲೂ ಇಲ್ಲ. ಇವರೂ ಪೆನ್ನು ಹಿಡಿಯುತ್ತಾರೆ, ಕೆಳಗಿಡುತ್ತಾರೆ. ಅಣ್ಣ ತಂಗಿಯ ಮಧ್ಯೆ ನಾನೇಕೆ ಬರಲಿ ಎಂದು ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ನವೆಂಬರಿಗೆ ಮುಚ್ಚುತ್ತೇವೆ ಎಂದು ಹೋದ ವಾರ ಗೇಟಿಗೆ ನೋಟಿಸ್ ಅಂಟಿಸಿದರು. ರಿಫೈನರಿ ಇರುವುದಿಲ್ಲ, ಬರೀ ಎಣ್ಣೆ ಟ್ಯಾಂಕುಗಳು ಇರುತ್ತವಂತೆ, ಅವಕ್ಕೆ ಕಾವಲಿಗೆ ಒಂದಿಷ್ಟು ಜನ ಸಾಕಂತೆ. ಅವತ್ತಿನಿಂದ ಈ ಕಾಲೋನಿಯಲ್ಲಿ ಎಲ್ಲರಿಗೂ ಒಂದೇ ಲೆಕ್ಕ. ನಿನ್ನ ಅಣ್ಣ ಫ್ಲೇರ್ ಎಬ್ಬಿಸಿದರು, ಅದಕ್ಕೇ ಪ್ಲಾಂಟು ಮುಚ್ಚಿತು. ಪಕ್ಕದ ಮನೆಯಾಕೆ ನಾನು ಬಟ್ಟೆ ಹರವಲು ಹೋದರೆ ತನ್ನ ಬಕೆಟ್ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ನನ್ನ ಹೆರಿಗೆಗೆ ಓಡಿಬಂದವಳು ಅವಳೇ.

ಇನ್ನೊಂದು ಹೇಳಲೋ ಬೇಡವೋ. ಬೆಳಿಗ್ಗೆ ಎದ್ದರೆ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿದ ಚಹಾ ಲೋಟಗಳು. ಒಂದು ದಿನ ಒಂದು, ಒಂದು ದಿನ ಸಾಲಾಗಿ. ನಿನ್ನ ಚಹಾ ನಮಗೆ ಬೇಡ ಎಂದು ಹೇಳುವುದಕ್ಕೆ ಇಷ್ಟು ಲೋಟ ಖರ್ಚು ಮಾಡುತ್ತಿದ್ದಾರೆ ನೋಡು. ಇವರು ಅವನ್ನು ಒಳಗೆ ತಂದು ತೊಳೆದಿಡುತ್ತಾರೆ. "ಎತ್ತಿ ಬೀದಿಗೆ ಎಸೀರಿ ಅತ್ಲಾಗೆ" ಎಂದೆ. "ಪಾಪ, ಯಾರ ಮನೆಯದೋ. ಕೇಳ್ಕೊಂಡು ಬಂದ್ರೆ ಕೊಡೋಣ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇವರಿಗೆ ಕಿವಿ ಕೇಳದಿರುವುದೇ ಒಳ್ಳೆಯದಾಯಿತು. ಜನ ಅನ್ನುವುದೆಲ್ಲ ನನಗೆ ಕೇಳಿಸುತ್ತದೆ.

ಎರಡು ಸಾಲು ಬರೆಯೇ ತಾಯಿ.

ನಿನ್ನ ಅತ್ತಿಗೆ


ಆಗಸ್ಟ್ 8

ಅಣ್ಣ,

ಅತ್ತಿಗೆಯ ಕಾಗದ ಬಂದ ಮೇಲೂ ಬರೆಯಲಿಲ್ಲ. ನಾಚಿಕೆಯಾಗಿತ್ತು, ಸಿಟ್ಟು ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆ. ಈಗ ಬರೆಯದೇ ಇರುವ ಹಾಗಿಲ್ಲ.

ಈ ವರ್ಷದ ವರದಿ ಸಿದ್ಧವಾಗುತ್ತಿದೆ. ಮುಖಪುಟದಲ್ಲಿ ಹಸಿರು ಎಲೆ, ಅದರ ಮೇಲೆ ಇಬ್ಬನಿ. ನಿಮ್ಮ ಪ್ಲಾಂಟು ನಿಂತರೆ ಕಂಪನಿಯ ಹೊಗೆ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಅದನ್ನು 'ನಮ್ಮ ಇತಿಹಾಸದಲ್ಲೇ ಅತ್ಯುತ್ತಮ ಸಾಧನೆ' ಎಂದು ನಾನು ಬರೆಯಬೇಕು. ಒಲೆ ಆರಿಸಿ ಉಪವಾಸ ಕೂತವನನ್ನು ಸೌದೆ ಉಳಿಸಿದ ಎಂದು ಹೊಗಳಿದ ಹಾಗೆ.

ಮೊನ್ನೆ ಆಫೀಸಿನ ಊಟದ ಹೊತ್ತಿನಲ್ಲಿ ಯಜಮಾನರ ಎದುರು ತಡೆಯಲಾರದೆ ಹೇಳಿದೆ: "ಸರ್, ಆ ಒಂದು ಫ್ಲೇರ್ ಆಗದೇ ಇದ್ದಿದ್ರೆ ಅವರು ಉಳ್ಕೋತಿದ್ರು."

ಅವರು ತಟ್ಟೆಯಿಂದ ತಲೆ ಎತ್ತಲೂ ಇಲ್ಲ. "ಯಾವ ಫ್ಲೇರು? ಓ ಅದಾ. ಅಯ್ಯೋ, ಅದನ್ನ ಮುಚ್ಚೋದು ಹೋದ ವರ್ಷವೇ ತೀರ್ಮಾನ ಆಗಿತ್ತಲ್ಲಮ್ಮ. ಬಂದರಿಗೆ ಹತ್ತಿರ ಇರೋ ಜಾಗ, ಟ್ಯಾಂಕ್ ಇಡೋಕೆ ಹೇಳಿ ಮಾಡಿಸಿದ ಹಾಗಿದೆ."

"ಮತ್ತೆ ಅಂಕ?"

"ಅಂಕ ಇಟ್ರೆ ಜನ ಮೈಮುರಿದು ಕೆಲಸ ಮಾಡ್ತಾರೆ. ಮಾಡಿದ್ರಲ್ಲ? ಮೂರೂ ಕಡೆ ಎಷ್ಟು ಚೆನ್ನಾಗಿ ಇಂಪ್ರೂವ್ ಆಯ್ತು ನೋಡು." ಆಮೇಲೆ ನನ್ನ ಕಡೆ ಮೊಸರು ಸರಿಸಿದರು.

ಅಣ್ಣ, ಪಂದ್ಯವೇ ಇರಲಿಲ್ಲ. ನೀವು ನೂರಕ್ಕೆ ನೂರು ತೆಗೆದಿದ್ದರೂ ಮುಚ್ಚುತ್ತಿದ್ದರು. ಆ ಪಂದ್ಯವನ್ನು ನಂಬಿ ನಿನಗೆ ಬುದ್ಧಿ ಹೇಳಿದವಳು ನಾನು, ಸೋತಾಗ ಚುಚ್ಚಿದವಳೂ ನಾನು. ನನ್ನ ಮಾತು ಜೇಬಿನಲ್ಲಿಟ್ಟುಕೊಂಡು ನೀನು ಎಷ್ಟು ಹೊತ್ತು ಕಾದೆಯೋ ಎಂದು ನೆನೆದರೆ ಎದೆ ಒಡೆಯುತ್ತದೆ.

ಈ ಕಾಗದವನ್ನು ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಓದು. ನನ್ನ ಹೆಸರು ಹೇಳು. ಕೆಲಸ ಹೋದರೆ ಹೋಗಲಿ. ಆ ಲೋಟಗಳನ್ನು ನೀನು ಇನ್ನೊಂದು ದಿನವೂ ತೊಳೆಯಬಾರದು.

ನಿನ್ನ ಗುಬ್ಬಿ


ಆಗಸ್ಟ್ 27

ಗುಬ್ಬಿ,

ಅಂತೂ ಬರೆದೆಯಲ್ಲ, ಅದೇ ಸಾಕು. ನಿನ್ನ ಮೇಲೆ ನನಗೆ ಯಾವಾಗ ಸಿಟ್ಟಿತ್ತು? ಚಿಕ್ಕಂದಿನಲ್ಲಿ ನನ್ನ ಕೊಡೆ ಮುರಿದಾಗ ಇತ್ತು, ಅದೂ ಒಂದು ಮಧ್ಯಾಹ್ನ.

ಕಾಗದ ಹಿಡಿದುಕೊಂಡು ಕ್ಯಾಂಟೀನಿಗೆ ಹೋದೆ. ಓದಬೇಕೆಂದೇ ಹೋದೆ, ಸುಳ್ಳು ಹೇಳುವುದಿಲ್ಲ. ನನಗೂ ಸಾಕಾಗಿದೆ. ಬೀದಿಯಲ್ಲಿ ತಲೆ ಎತ್ತಿ ನಡೆದು ತಿಂಗಳುಗಳಾದವು.

ಸಕ್ಕರೆಯಣ್ಣ ಅಲ್ಲಿ ಕೂತಿದ್ದ. ಟ್ಯಾಂಕು ಕೆಲಸಕ್ಕೆ ಹೊಸದಾಗಿ ಬಂದವರಿಗೆ ಚಳಿಗಾಲದ ಕಥೆ ಹೇಳುತ್ತಿದ್ದ. ಹೇಗೆ ತೆವಳಿದ, ಯಾವ ಸೋರಿಕೆ ಯಾರು ಹಿಡಿದರು, ಬೋರ್ಡಿನ ಮೇಲೆ ಅಂಕ ಏರಿದ ದಿನ ಹೇಗೆ ಕುಣಿದರು. ಅವನ ತುಟಿ ಓದುತ್ತಾ ಬಾಗಿಲಲ್ಲೇ ನಿಂತೆ. "ಗೆದ್ದೇಬಿಟ್ಟಿದ್ವಿ ಸ್ವಾಮಿ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ" ಎಂದ. ಎಂದವನು ನನ್ನನ್ನು ಕಂಡು ಮುಖ ತಿರುಗಿಸಿದ. ಆದರೆ ಆ ಕಥೆ ಹೇಳುವಾಗ ಅವನ ಮುಖ ನೀನು ನೋಡಬೇಕಿತ್ತು.

ನಾನು ಈ ಕಾಗದ ಓದಿದರೆ ನನ್ನ ತಲೆಯ ಮೇಲಿನ ಹೊರೆ ಇಳಿಯುತ್ತದೆ, ನಿಜ. ಅವನಿಗೇನು ಉಳಿಯುತ್ತದೆ? ಅಷ್ಟು ತೆವಳಿದ್ದು ಯಾರೋ ಊಟ ಮಾಡುತ್ತಾ ನಗುವುದಕ್ಕೆ ಎಂದು ತಿಳಿಯುತ್ತದೆ, ಅಷ್ಟೇ. ಸೋತವನು ಹೇಗೋ ಬದುಕುತ್ತಾನೆ. ಬೈಯಲು ಎದುರಿಗೆ ಒಬ್ಬ ಇದ್ದರಂತೂ ಚೆನ್ನಾಗಿಯೇ ಬದುಕುತ್ತಾನೆ. ನಿಮ್ಮ ಆಫೀಸಿನ ಯಜಮಾನರು ಬೈಗುಳಕ್ಕೆ ಎಟುಕುವುದಿಲ್ಲ, ನಾನಾದರೆ ಪಕ್ಕದ ಬೀದಿಯಲ್ಲೇ ಸಿಗುತ್ತೇನೆ. ಅದೂ ಕಿವುಡ.

ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡು ಬಂದೆ. ನಿನ್ನ ಅತ್ತಿಗೆಗೆ ಓದಿಸಿದ್ದೇನೆ. ಒಂದು ದಿನ ಪೂರ್ತಿ ನನ್ನ ಜೊತೆ ಮಾತು ಬಿಟ್ಟಳು, ಆಮೇಲೆ ಲೋಟ ತೊಳೆಯಲು ತಾನೂ ಬಂದಳು.

ನಿನಗೆ ಏನಾದರೂ ಮಾಡಲೇಬೇಕೆಂದಿದ್ದರೆ ಇದನ್ನು ಮಾಡು. ಉಳಿದ ಎರಡು ಪ್ಲಾಂಟುಗಳಲ್ಲಿ ಆ ಬೋರ್ಡು ಇನ್ನೂ ಗೋಡೆಯ ಮೇಲಿದೆ. ಅಲ್ಲಿ ಯಾರೋ ಒಬ್ಬ ಮುಳ್ಳು ಏರುವುದನ್ನು ನೋಡುತ್ತಾ ನಿಂತಿರುತ್ತಾನೆ. ಅವನ ಕೈ ತಡ ಮಾಡಬಾರದು.

ನಿನ್ನ ಅಣ್ಣ


ಅಕ್ಟೋಬರ್ 10

ಅಣ್ಣ,

ನೀನು ಹೇಳಿದ್ದನ್ನು ಮಾಡಿದೆ, ಸಲೀಸಾಗಿ ಆಗಲಿಲ್ಲ. ತುರ್ತಿಗೆ ಎಬ್ಬಿಸಿದ ಫ್ಲೇರಿಗೆ ಅಂಕ ಕಳೆಯಬಾರದು ಎಂದು ಬರೆದುಕೊಟ್ಟೆ. ಹಾಗಾದರೆ ಎಲ್ಲರೂ ಎಲ್ಲವನ್ನೂ ತುರ್ತು ಎನ್ನುತ್ತಾರೆ ಎಂದರು ಮೇಲಿನವರು. ಅನ್ನಲಿ ಎಂದೆ. ಬಟ್ಟೆಯ ಮೇಲಿನ ಮಸಿ ತೊಳೆದರೆ ಹೋಗುತ್ತದೆ ಎಂದೆ. ಮೂರು ಮೀಟಿಂಗ್ ಮುಗಿದವು, ಮೂರರಲ್ಲೂ ಬಿಸ್ಕತ್ತು ಚೆನ್ನಾಗಿತ್ತು. ಕೊನೆಗೆ ಅಂಕದ ನಿಯಮಕ್ಕೆ ಆ ಸಾಲು ಸೇರಿತು.

ಅದಾದ ವಾರಕ್ಕೆ ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದರು. ಕಂಪನಿಯ ಕ್ಯಾಲೆಂಡರು, ಡೈರಿ, ಶುಭಾಶಯ ಪತ್ರ ಮಾಡಿಸುವ ಕಡೆ. ಇಲ್ಲಿಯೂ ಎಲೆಯ ಮೇಲೆ ಇಬ್ಬನಿಯೇ. ಇಲ್ಲಿನ ಕಿಟಕಿ ಮಾತ್ರ ತೆರೆಯುತ್ತದೆ.

ಸುಸ್ತಾಗಿದೆ ಅಣ್ಣ. ನಿನ್ನ ನಿರ್ಧಾರ ಸರಿಯೋ ತಪ್ಪೋ ಎಂದು ಯೋಚಿಸಿ ಯೋಚಿಸಿ ಇನ್ನೂ ಸುಸ್ತಾಗಿದೆ. ಈಗಲೂ ಕಾಲ ಮಿಂಚಿಲ್ಲ. ಆ ಕಾಗದವನ್ನು ಎಲ್ಲರ ಮುಂದೆ ಓದಬೇಕೆನ್ನಿಸಿದರೆ ಓದು.

ನಿನ್ನ ಗುಬ್ಬಿ


ನವೆಂಬರ್ 30

ಗುಬ್ಬಿ,

ಇವತ್ತು ಫ್ಲೇರ್ ಆರಿಸಿದೆವು.

ಕೊನೆಯ ಗ್ಯಾಸ್ ವಾಲ್ವ್ ಮುಚ್ಚಲು ಇಬ್ಬರು ಇನ್‌ಚಾರ್ಜ್‌ಗಳು ಇರಬೇಕೆಂಬ ನಿಯಮ. ಉಳಿದಿದ್ದವರು ನಾನು ಮತ್ತು ಸಕ್ಕರೆಯಣ್ಣ. ವಾಲ್ವ್ ಬಿಗಿಯಾಗಿತ್ತು, ಇಬ್ಬರೂ ಸೇರಿ ತಿರುಗಿಸಬೇಕಾಯಿತು. ಅಷ್ಟು ತಿಂಗಳ ಮೇಲೆ ಅವನ ಭುಜ ನನ್ನ ಭುಜಕ್ಕೆ ತಗುಲಿತು. ಮೇಲೆ ನೋಡಿದಾಗ ಬೆಂಕಿ ಇರಲಿಲ್ಲ. ಹಳೇ ಬೀರು ತೆಗೆದ ಮೇಲೆ ಗೋಡೆ ಕಾಣುತ್ತದಲ್ಲ, ಹಾಗೆ ಕಂಡಿತು ಆಕಾಶ. ಯಾರೂ ಕರೆಯದಿದ್ದರೂ ಕಾಲೋನಿಯವರೆಲ್ಲ ಮಹಡಿಯ ಮೇಲೆ ಬಂದು ನಿಂತಿದ್ದರು.

ಕಂಟ್ರೋಲ್ ರೂಮಿಗೆ ಬಂದು ಚಹಾಕ್ಕೆ ಇಟ್ಟೆ. ಯಾಕೆ ಇಟ್ಟೆನೋ ತಿಳಿಯದು. ಬರುವ ಶಿಫ್ಟ್ ಇಲ್ಲ, ಕುಡಿಯುವವರಿಲ್ಲ. ಆರಿದ ಫ್ಲೇರಿಗೆ ಚಹಾ ಕೊಡಬೇಕೆಂದು ಯಾರೂ ನಿಯಮ ಮಾಡಿಲ್ಲ. ಕೈ ಅದರಷ್ಟಕ್ಕೆ ಮಾಡಿತು. ಸಕ್ಕರೆಯಣ್ಣ ತನ್ನ ಪೆಟ್ಟಿಗೆ ತುಂಬಿಕೊಳ್ಳುತ್ತಿದ್ದವನು ಬಂದು ಎದುರು ಕೂತ. ಲೋಟ ಅವನ ಮುಂದೆ ಇಟ್ಟೆ. ಅವನು ಅದನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಎತ್ತಿ ಒಂದು ಗುಟುಕು ಕುಡಿದು, "ಸಕ್ಕರೆ ಸಾಲ್ದು" ಎಂದ. ಡಬ್ಬಿ ಕೊಟ್ಟೆ.

ಆಮೇಲೆ ನನಗೆ ಕಾಣುವ ಹಾಗೆ ಮುಖ ಎತ್ತಿ ಕೇಳಿದ: "ನಿನ್ ತಂಗಿ ಅಲ್ಲೇ ಇರೋದಲ್ವಾ. ಅವಳಿಗೆ ಗೊತ್ತಿರುತ್ತೆ. ನಿಜ ಹೇಳು, ಎಷ್ಟರಲ್ಲಿ ಸೋತ್ವಿ ನಾವು?"

ಆಗಸ್ಟಿನ ನಿನ್ನ ಕಾಗದ ಜೇಬಿನಲ್ಲೇ ಇತ್ತು. ಕೈ ಅದರ ಮೇಲೇ ಇತ್ತು.

"ಕೂದಲೆಳೆಯಷ್ಟರಲ್ಲಿ" ಎಂದೆ.

ಅವನು ತಲೆಯಾಡಿಸಿದ. ಕಣ್ಣು ಒರೆಸಿಕೊಂಡ. "ನಂಗೂ ಹಾಗೇ ಅನ್ನಿಸಿತ್ತು ಕಣೋ" ಎಂದು ಲೋಟ ಪೂರ್ತಿ ಕುಡಿದ, ತಾನೇ ತೊಳೆದು ಬೋರಲು ಹಾಕಿದ.

ನಿನ್ನ ಅಣ್ಣ